ನೆರಳಿಗೆ ತೂಕ ಉಂಟಾ? ಪುಟ್ಟ ಮಕ್ಕಳಿಗೆ ‘ವಸ್ತು’ ಅಂದರೆ ಏನು ಅಂತ ಹೇಳೋದು ಹೇಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಸಂಚಿಕೆ, ಮನೆಯಲ್ಲಿ ನಾಲ್ಕರಿಂದ ಏಳು ವರ್ಷದ ಮಗು ಇರುವವರಿಗೆ. ತಮ್ಮ, ತಂಗಿ, ಅಕ್ಕನ ಮಗಳು, ಪಕ್ಕದ ಮನೆಯ ಪುಟ್ಟ, ಯಾರೇ ಆಗಲಿ. ದೊಡ್ಡವರು ಕೆಲಸದಲ್ಲಿರುವಾಗ ಈ ಮಕ್ಕಳ ಪ್ರಶ್ನೆಗಳೆಲ್ಲ ಬಂದು ಬೀಳೋದು ಮೂಲೆಯಲ್ಲಿ ಫೋನ್ ಹಿಡಿದು ಕೂತ ನಿಮ್ಮ ಮೇಲೇನೇ. “ಗಾಳಿ ವಸ್ತುವಾ?” “ನೆರಳಿಗೆ ತೂಕ ಉಂಟಾ?” “ಕತ್ತಲೆಯನ್ನು ಡಬ್ಬದಲ್ಲಿ ಹಾಕಿ ಇಡ್ಬಹುದಾ?” “ಫೋನಿನ ಒಳಗೆ ಇರುವ ಅಜ್ಜಿ ನಿಜದ ಅಜ್ಜಿಯಾ?”

ಕೇಳೋಕೆ ತಮಾಷೆಯಾಗಿದೆ. ಆದರೆ ನಾಲ್ಕೂ ಒಂದೇ ಪ್ರಶ್ನೆ: ಈ ಲೋಕದಲ್ಲಿ ಯಾವುದು ವಸ್ತು, ಯಾವುದು ಅಲ್ಲ? ವಿಜ್ಞಾನದ ಮೊದಲ ಪಾಠ ಇದೇ. ಇದಕ್ಕೆ ಸಿಕ್ಕ ತಪ್ಪು ಉತ್ತರ ದೊಡ್ಡವರಾದ ಮೇಲೂ ತಲೆಯಲ್ಲಿ ಉಳಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಅದು ಹೇಗೆ ಅಂತ ಕೊನೆಯಲ್ಲಿ ಹೇಳ್ತೇವೆ.

ಇವತ್ತಿನ ಉದಾಹರಣೆಗಳೆಲ್ಲ ಮುಂಡಾಜೆಯ ಸುತ್ತಮುತ್ತಲಿನವು. ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಕಡೆ ಹೋಗುವಾಗ ಸಿಗುವ ಊರು ಅದು. ಅಡಿಕೆ ತೋಟ, ತೋಡು, ಬಾವಿ, ಮಳೆಗಾಲದಲ್ಲಿ ಘಾಟಿಯ ಮಂಜು. ವಸ್ತುವಿನ ಪಾಠಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿ ಅಂಗಳದಲ್ಲೇ ಉಂಟು.

ಮೊದಲ ತೊಡಕು: ನಮ್ಮ ಮಾತು

ನಾವು ದಿನಾ ಆಡುವ ಮಾತನ್ನು ಸ್ವಲ್ಪ ಗಮನಿಸಿ. ತೆಂಗಿನಕಾಯಿ ಬಿತ್ತು. ಮಳೆ ಬಿತ್ತು. ನೆರಳು ಬಿತ್ತು. ಮೂರಕ್ಕೂ ಒಂದೇ ‘ಬಿತ್ತು’. ಬಸ್ಸು ಬಂತು, ನಿದ್ದೆ ಬಂತು, ಕೋಪ ಬಂತು, ಕರೆಂಟು ಬಂತು. ಕರೆಂಟು ಹೋದರೆ ಕತ್ತಲೆ ಬಂತು. ಮಾತಿನಲ್ಲಿ ಎಲ್ಲವೂ ಎಲ್ಲಿಂದಲೋ ನಡೆದುಕೊಂಡು ಬಂದು, ಎಲ್ಲಿಗೋ ಎದ್ದು ಹೋಗುತ್ತವೆ.

ಹಾಗಿರುವಾಗ, ಬಿದ್ದ ತೆಂಗಿನಕಾಯಿಯನ್ನು ಹೆಕ್ಕಬಹುದಾದರೆ ಬಿದ್ದ ನೆರಳನ್ನು ಯಾಕೆ ಹೆಕ್ಕಬಾರದು ಅಂತ ಮಗು ಕೇಳಿದರೆ ಅದರಲ್ಲಿ ಪೆದ್ದುತನ ಏನೂ ಇಲ್ಲ. ಅದು ನಮ್ಮ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದೆ, ಅಷ್ಟೇ.

‘ಪದಾರ್ಥ’ ಅನ್ನೋ ಪದವೇ ನೋಡಿ. ಶಾಲೆಯ ಪುಸ್ತಕದಲ್ಲಿ ಘನ ಪದಾರ್ಥ, ದ್ರವ ಪದಾರ್ಥ ಅಂತ ಓದ್ತೇವೆ. ಕರಾವಳಿಯ ಮನೆಗಳಲ್ಲಿ “ಊಟಕ್ಕೆ ಪದಾರ್ಥ ಎಂತ?” ಅಂದರೆ ಇವತ್ತು ಸಾಂಬಾರಾ, ಪಲ್ಯವಾ ಅಂತ ಕೇಳಿದ ಹಾಗೆ. ಅನಿಲವೂ ಪದಾರ್ಥ ಅಂತ ಟೀಚರ್ ಹೇಳಿದ ದಿನ ಮಗು ತಬ್ಬಿಬ್ಬಾದರೆ ಆಶ್ಚರ್ಯ ಇಲ್ಲ.

ಎರಡನೆಯ ತೊಡಕು: ನಾವು ಕೊಡುವ ಸುಲಭದ ಉತ್ತರ

ಸಾಮಾನ್ಯವಾಗಿ ನಾವು ಏನು ಹೇಳಿಬಿಡ್ತೇವೆ? “ಕಣ್ಣಿಗೆ ಕಾಣೋದೆಲ್ಲ ವಸ್ತು, ಮುಟ್ಟೋಕೆ ಸಿಗೋದೆಲ್ಲ ವಸ್ತು.” ಹೇಳೋಕೆ ಸುಲಭ. ಆದರೆ ಎರಡೇ ನಿಮಿಷದಲ್ಲಿ ಮಗು ಇದನ್ನು ಮುರಿದು ಹಾಕುತ್ತೆ. ಕಾಮನಬಿಲ್ಲು ಕಾಣುತ್ತದೆ, ಆದರೆ ವಸ್ತು ಅಲ್ಲ. ಗಾಳಿ ಕಾಣುವುದಿಲ್ಲ, ಆದರೆ ವಸ್ತು. ಚಂದ್ರನನ್ನು ನಾವ್ಯಾರೂ ಮುಟ್ಟಿಲ್ಲ, ಆದರೂ ಅದು ವಸ್ತುವೇ. ಒಲೆಯ ಬಿಸಿ ಕೈಗೆ ಗೊತ್ತಾಗುತ್ತದೆ, ಆದರೆ ‘ಬಿಸಿ’ ಅನ್ನೋದನ್ನು ಬಿಡಿಯಾಗಿ ತೆಗೆದು ಪಕ್ಕಕ್ಕೆ ಇಡೋಕಾಗಲ್ಲ.

ಕಣ್ಣು, ಕೈ ಎರಡೂ ಒಳ್ಳೆಯ ಸಾಕ್ಷಿಗಳು, ನಿಜ. ಆದರೆ ತೀರ್ಪನ್ನು ಅವುಗಳ ಕೈಗೇ ಕೊಡಬಾರದು. ಅದಕ್ಕೆ ಬದಲಾಗಿ ಮಗುವಿಗೆ ಮೂರು ಪ್ರಶ್ನೆ ಕಲಿಸಿ.

ಒಂದು: ಅದು ಜಾಗ ಹಿಡಿಯುತ್ತದಾ?
ಎರಡು: ಅದಕ್ಕೆ ತೂಕ ಉಂಟಾ?
ಮೂರು: ಇಲ್ಲಿಂದ ಹೋದರೆ, ಎಲ್ಲಿಗೆ ಹೋಯಿತು?

ಒಂದೊಂದಾಗಿ ನೋಡೋಣ.

ಪ್ರಶ್ನೆ 1: ಜಾಗ ಹಿಡಿಯುತ್ತದಾ?

ಮುಂಡಾಜೆಯ ಒಂದು ಮನೆ ಅಂದ್ಕೊಳ್ಳಿ. ಅಂಗಳದಲ್ಲಿ ಒಂದು ಬಾಲ್ದಿ ನೀರು. ಅಕ್ಕನ ಕೈಯಲ್ಲಿ ಗಾಜಿನ ಲೋಟ, ಎದುರಿಗೆ ಐದು ವರ್ಷದ ತಮ್ಮ.

“ಈ ಲೋಟದಲ್ಲಿ ಎಂತ ಉಂಟು?”

“ಎಂತದೂ ಇಲ್ಲ. ಖಾಲಿ.”

ಅಕ್ಕ ಒಂದು ತುಂಡು ಕಾಗದವನ್ನು ಉಂಡೆ ಮಾಡಿ ಲೋಟದ ತಳಕ್ಕೆ ಗಟ್ಟಿಯಾಗಿ ಒತ್ತುತ್ತಾಳೆ. ಲೋಟವನ್ನು ಕವುಚಿ, ನೆಟ್ಟಗೆ ನೀರಿನೊಳಗೆ ಮುಳುಗಿಸುತ್ತಾಳೆ. ಹಾಗೇ ನೆಟ್ಟಗೆ ಮೇಲೆತ್ತುತ್ತಾಳೆ.

“ಕಾಗದ ಮುಟ್ಟಿ ನೋಡು.”

“ಒದ್ದೆ ಆಗ್ಲೇ ಇಲ್ಲ!”

“ನೀರು ಎಂತಕ್ಕೆ ಒಳಗೆ ಹೋಗ್ಲಿಲ್ಲ?”

“ಒಳಗೆ ಮೊದಲೇ ಎಂತದೋ ಇತ್ತು.”

ಇಲ್ಲಿಗೆ ನಿಲ್ಲಿಸಿ. “ಅದೇ ಗಾಳಿ” ಅಂತ ಹೇಳೋಕೆ ಅವಸರ ಮಾಡಬೇಡಿ. “ಮೊದಲೇ ಎಂತದೋ ಇತ್ತು” ಅಂತ ಮಗು ತಾನಾಗಿ ಹೇಳಿತಲ್ಲ, ಪಾಠ ಅದೇ. ಹೆಸರು ಆಮೇಲೆ ಕೊಟ್ಟರಾಯಿತು. ಬೇಕಿದ್ದರೆ ಲೋಟವನ್ನು ನೀರಿನೊಳಗೇ ಸ್ವಲ್ಪ ಓರೆ ಮಾಡಿ. ಗುಳುಗುಳು ಅಂತ ಗುಳ್ಳೆ ಹೊರಗೆ ಬರುತ್ತದೆ, ಅದು ಖಾಲಿ ಮಾಡಿದ ಜಾಗಕ್ಕೆ ನೀರು ನುಗ್ಗುತ್ತದೆ. ಒಂದು ವಸ್ತು ಇರುವ ಜಾಗಕ್ಕೆ ಇನ್ನೊಂದು ಬರಬೇಕಾದರೆ ಮೊದಲಿನದು ಸರಿದು ಕೊಡಬೇಕು.

ಇದೇ ಪರೀಕ್ಷೆಯನ್ನು ಬೆಳಕಿಗೂ ಮಾಡಿ. ಎರಡು ಚೆಂಡನ್ನು ಎದುರುಬದುರು ಉರುಳಿಸಿದರೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತವೆ. ಎರಡು ಫೋನಿನ ಟಾರ್ಚ್ ಹಾಕಿ ಬೆಳಕನ್ನು ಅಡ್ಡಡ್ಡ ಬಿಡಿ. ಡಿಕ್ಕಿ ಇಲ್ಲ. ಒಂದರೊಳಗಿಂದ ಒಂದು ಹಾದು, ಏನೂ ಆಗದ ಹಾಗೆ ಮುಂದಕ್ಕೆ ಹೋಗುತ್ತದೆ. ಬೆಳಕು ಇದೆ, ಸುಳ್ಳಲ್ಲ. ಆದರೆ ಚೆಂಡಿನ ಹಾಗೆ ಜಾಗ ಹಿಡಿದು ಕೂರುವುದಿಲ್ಲ.

ಪ್ರಶ್ನೆ 2: ತೂಕ ಉಂಟಾ?

ಒಂದೇ ಒಂದು ಅಕ್ಕಿಕಾಳನ್ನು ಮಗುವಿನ ಅಂಗೈ ಮೇಲಿಡಿ. “ಇದಕ್ಕೆ ತೂಕ ಉಂಟಾ?” ಹೆಚ್ಚಿನ ಪುಟ್ಟ ಮಕ್ಕಳ ಉತ್ತರ: “ಇಲ್ಲ.” ಅಮೆರಿಕದ ಕ್ಯಾರಲ್ ಸ್ಮಿತ್, ಸೂಸನ್ ಕ್ಯಾರಿ, ಮರಿಯಾನ್ ವೈಸರ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಮಕ್ಕಳ ತೂಕದ ಕಲ್ಪನೆಯ ಬಗ್ಗೆ 1985ರಲ್ಲಿ ಒಂದು ಹೆಸರಾಂತ ಅಧ್ಯಯನ ಪ್ರಕಟಿಸಿದರು. ಪುಟ್ಟ ಮಕ್ಕಳಿಗೆ ತೂಕ ಅಂದರೆ ಕೈಗೆ ಭಾರ ಅನ್ನಿಸುವುದು. ಕೈಗೆ ಅನ್ನಿಸದಷ್ಟು ಸಣ್ಣ ಚೂರಿಗೆ ತೂಕವೇ ಇಲ್ಲ ಅಂತ ಅವರು ಧೈರ್ಯವಾಗಿ ಹೇಳುತ್ತಾರೆ.

ಇದನ್ನು ಬೈದು ತಿದ್ದೋಕಾಗಲ್ಲ. ಎಣಿಸಿ ತಿದ್ದಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಕಾಳು ಇಡಿ. ಸೊನ್ನೆ ತೋರಿಸುತ್ತದೆ. ಮಗು ಗೆದ್ದೆ ಅಂತ ಕುಣಿಯಲಿ. ಆಮೇಲೆ ಒಂದು, ಎರಡು, ಮೂರು ಅಂತ ಇಬ್ಬರೂ ಸೇರಿ ನೂರು ಕಾಳು ಎಣಿಸಿ ಹಾಕಿ. ಈಗ ತಕ್ಕಡಿ ಎರಡು ಗ್ರಾಂ ಆಸುಪಾಸು ತೋರಿಸುತ್ತದೆ. ಈಗ ಕೇಳಿ: “ಒಂದಕ್ಕೆ ತೂಕ ಇಲ್ಲದಿದ್ದರೆ ನೂರಕ್ಕೆ ಎಲ್ಲಿಂದ ಬಂತು?”

ಐದು ವರ್ಷದ ಮಗು ಈ ಪ್ರಶ್ನೆಯ ಎದುರು ಸುಮ್ಮನೆ ನಿಂತುಬಿಡಬಹುದು. ನಿಲ್ಲಲಿ ಬಿಡಿ. ತಕ್ಕಡಿಗೆ ಕಂಡಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ, ಅದನ್ನು ಕಾಣೋವಷ್ಟು ತಕ್ಕಡಿ ಚುರುಕಾಗಿರಲಿಲ್ಲ ಅಷ್ಟೇ. ಈ ಒಂದು ವಿಚಾರ ತಲೆಗೆ ಇಳಿದರೆ ಮುಂದೆ ಅಣು, ಪರಮಾಣು ಎಲ್ಲ ಸಲೀಸು.

ಈಗ ಗಾಳಿಯ ತೂಕ. ಉರುಟಾಗಿಯೇ ಇರುವ, ಆದರೆ ಗಾಳಿ ಕಡಿಮೆಯಾಗಿ ಮೆತ್ತಗಾದ ಫುಟ್‌ಬಾಲ್ ಅನ್ನು ತೂಗಿ. ಪಂಪ್ ಹೊಡೆದು ಗಟ್ಟಿ ಮಾಡಿ ಮತ್ತೆ ತೂಗಿ. ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ಒಳಗೆ ತುರುಕಿದ್ದು ಬರೀ ಗಾಳಿ.

ದೊಡ್ಡವರಿಗೂ ಆಶ್ಚರ್ಯವಾಗುವ ಲೆಕ್ಕ ಒಂದು ಇದೆ. ನಮ್ಮೂರಿನ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಹತ್ತಿರಹತ್ತಿರ 1.2 ಕೆ.ಜಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಜಾಗ ಇರುತ್ತದೆ. ಅಂದರೆ ಆ ‘ಖಾಲಿ’ ಕೋಣೆಯಲ್ಲಿ ಸುಮಾರು 33 ಕೆ.ಜಿ. ಗಾಳಿ! ಐದು, ಆರನೇ ಕ್ಲಾಸಿನ ಮಗುವಿನಷ್ಟು ತೂಕ.

ಇನ್ನು ನೆರಳು. ಅಂಗಳದ ಕಲ್ಲಿನ ಮೇಲೆ ನಿಮ್ಮ ನೆರಳು ಬಿದ್ದರೆ ಕಲ್ಲು ಒಂದಿಷ್ಟೂ ಭಾರ ಆಗುವುದಿಲ್ಲ. ತಕ್ಕಡಿ ಮೇಲೆ ಕೈಯ ನೆರಳು ಬೀಳಿಸಿ ತೋರಿಸಿ. ಸೊನ್ನೆ. ನೂರು ನೆರಳು ಬೀಳಿಸಿದರೂ ಸೊನ್ನೆಯೇ. ಅಕ್ಕಿಕಾಳಿಗೂ ನೆರಳಿಗೂ ಇರುವ ವ್ಯತ್ಯಾಸ ಇಷ್ಟೇ.

ಪ್ರಶ್ನೆ 3: ಎಲ್ಲಿಗೆ ಹೋಯಿತು?

ಮೂರರಲ್ಲಿ ಇದು ನನಗೆ ತುಂಬ ಇಷ್ಟದ ಪ್ರಶ್ನೆ. ವಸ್ತು ಆದದ್ದು ಸುಮ್ಮನೆ ಮಾಯ ಆಗುವುದಿಲ್ಲ. ಒಡೆಯಬಹುದು, ಕರಗಬಹುದು, ಆವಿಯಾಗಬಹುದು, ಸುಡಬಹುದು. ಆದರೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಹಣ್ಣಡಿಕೆಯನ್ನು ಅಂಗಳದಲ್ಲಿ ಹರಡಿ ಸುಮಾರು 40 ದಿನ ಒಣಗಿಸುತ್ತಾರೆ. ಹಾಕುವಾಗ ಇದ್ದ ಭಾರ ತೆಗೆಯುವಾಗ ಇರುವುದಿಲ್ಲ. ಕಮ್ಮಿಯಾದ ತೂಕ ಎಲ್ಲಿಗೆ ಹೋಯಿತು? ಅಡಿಕೆಯೊಳಗಿನ ನೀರು ಆವಿಯಾಗಿ ಗಾಳಿಗೆ ಸೇರಿತು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ದಾರಿ ಕಾಣದಷ್ಟು ಮಂಜು ಕವಿಯುತ್ತದಲ್ಲ, ಅದು ಗಾಳಿಗೆ ಸೇರಿದ ಇಂಥದೇ ಆವಿ ತಣ್ಣಗಾಗಿ ಮತ್ತೆ ಸಣ್ಣ ಸಣ್ಣ ಹನಿ ಆದದ್ದು. ಮಂಜೂ ವಸ್ತುವೇ. ಕನ್ನಡಕ ಒರೆಸಿಕೊಂಡವರಿಗೆ ಗೊತ್ತು.

ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಮದ್ದು ಬಿಡುತ್ತಾರೆ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ನೀಲಿ ಹರಳು ನೀರಿನಲ್ಲಿ ಕರಗಿ ಕಾಣದಾಗುತ್ತದೆ. ಮಾಯ ಆಯಿತಾ? ತೂಗಿ ನೋಡಿ, 102 ಕೆ.ಜಿ. ಕರಗಿದ್ದು ಅಲ್ಲೇ ಉಂಟು. ಮನೆಯಲ್ಲಿ ಸಕ್ಕರೆ ನೀರಿನಲ್ಲೂ ಇದೇ ಪರೀಕ್ಷೆ ಮಾಡಬಹುದು. ಮೈಲುತುತ್ತು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಅದು ವಿಷ. ಮದ್ದಿನ ಡ್ರಮ್ ತೊಳೆದ ನೀರನ್ನು ತೋಡಿಗೆ ಚೆಲ್ಲಬಾರದು ಅನ್ನೋದೂ ಇದಕ್ಕೇ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ತಾಮ್ರ ಹೋಗಿಬಿಟ್ಟಿತು ಅಂತ ಅಲ್ಲ.

2019ರ ಆಗಸ್ಟ್‌ನ ನೆರೆ ಈ ಭಾಗದ ಯಾರಿಗೂ ಮರೆತಿಲ್ಲ. ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿ ಕಡೆಯ ತೋಟಗಳಿಗೆ ಮರಳು, ಮರದ ದಿಮ್ಮಿ ತಂದು ಸುರಿಯಿತು. ಆ ಮರಳು ಹೊಸದಾಗಿ ಹುಟ್ಟಿದ್ದಲ್ಲ. ಮೇಲಿನ ಗುಡ್ಡದಲ್ಲಿ, ಹೊಳೆಯ ಪಾತ್ರದಲ್ಲಿ ಇದ್ದದ್ದು ಕೆಳಗೆ ಬಂತು. ‘ಎಲ್ಲಿಗೆ ಹೋಯಿತು’ ಅಂತ ಕೇಳಲು ಕಲಿತ ಮಗು ‘ಎಲ್ಲಿಂದ ಬಂತು’ ಅಂತಲೂ ಕೇಳುತ್ತದೆ.

ನೆರಳಿಗೆ ಈ ಪ್ರಶ್ನೆ ಹಾಕಿ ನೋಡಿ. ಟಾರ್ಚ್ ಆರಿಸಿದರೆ ಗೋಡೆಯ ಮೇಲಿನ ನೆರಳು ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಹೋಗೋಕೆ ಅಲ್ಲಿ ಏನೂ ಇರಲೇ ಇಲ್ಲ. ಬೆಳಕು ತಲುಪದ ಜಾಗಕ್ಕೆ ನಾವು ಇಟ್ಟ ಹೆಸರು ಅದು.

ಕತ್ತಲೆ ವಸ್ತುವಾ? ಹಿಂದಿನವರೂ ಜಗಳ ಆಡಿದ್ದಾರೆ

ಮಗುವಿನ ಈ ಪ್ರಶ್ನೆಯನ್ನು ತಮಾಷೆ ಅಂತ ತಳ್ಳಿಹಾಕಬೇಡಿ. ನಮ್ಮ ದೇಶದ ದೊಡ್ಡ ದೊಡ್ಡ ಪಂಡಿತರು ಇದರ ಬಗ್ಗೆ ಶತಮಾನಗಳ ಕಾಲ ವಾದ ಮಾಡಿದ್ದಾರೆ. ಕಣಾದ ಮುನಿಯ ವೈಶೇಷಿಕ ದರ್ಶನದಲ್ಲಿ ಒಂಬತ್ತು ದ್ರವ್ಯಗಳ ಪಟ್ಟಿ ಇದೆ: ಭೂಮಿ, ನೀರು, ತೇಜಸ್ಸು, ಗಾಳಿ, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಕತ್ತಲೆಯನ್ನು ಹತ್ತನೆಯದಾಗಿ ಸೇರಿಸಬೇಕಾ? ಸೇರಿಸಬೇಕು ಅಂದರು ಭಾಟ್ಟ ಮೀಮಾಂಸಕರು. ಅದಕ್ಕೆ ಕಪ್ಪು ಬಣ್ಣ ಇದೆ, ಅದು ಚಲಿಸುತ್ತದೆ, ಹಾಗಾಗಿ ದ್ರವ್ಯ. ಬೇಡ ಅಂದರು ನ್ಯಾಯ ವೈಶೇಷಿಕರು. ಕತ್ತಲೆ ಅಂದರೆ ಬೆಳಕು ಇಲ್ಲದಿರುವುದು ಮಾತ್ರ. ಚಲಿಸುವುದು ಬೆಳಕಿಗೆ ಅಡ್ಡ ನಿಂತ ವಸ್ತು, ಕತ್ತಲೆ ಅಲ್ಲ.

ಇವತ್ತಿನ ವಿಜ್ಞಾನದ ಪಟ್ಟಿ ಬೇರೆ. ಕಾಲವನ್ನೋ ಮನಸ್ಸನ್ನೋ ನಾವೀಗ ತಕ್ಕಡಿಯಲ್ಲಿ ಇಡುವುದಿಲ್ಲ. ಆದರೆ ಕತ್ತಲೆಯ ವಿಷಯದಲ್ಲಿ ಎರಡನೆಯವರ ಮಾತೇ ಸರಿ. ಮಗುವಿಗೆ ಇದನ್ನು ಹೀಗೆ ತೋರಿಸಿ: ರಾತ್ರಿ ಕರೆಂಟು ಹೋದಾಗ ಒಂದು ಸ್ಟೀಲ್ ಡಬ್ಬಕ್ಕೆ ಕತ್ತಲೆ ‘ತುಂಬಿಸಿ’ ಮುಚ್ಚಳ ಹಾಕಲಿ. ಕರೆಂಟು ಬಂದ ಮೇಲೆ ತೆಗೆದು ನೋಡಲಿ. ಅಕ್ಕಿ ತುಂಬಿಸಿದ್ದರೆ ಅಕ್ಕಿ ಇರುತ್ತಿತ್ತು.

ಸ್ವಲ್ಪ ಕಷ್ಟದ ಪ್ರಶ್ನೆಗಳು

ಶಬ್ದ ವಸ್ತುವಾ? ರಾತ್ರಿ ಗದ್ದೆಯ ಆಚೆ ಯಕ್ಷಗಾನದ ಚೆಂಡೆ ಕೇಳುತ್ತದೆ. ಚೆಂಡೆ ವಸ್ತು, ಅದರ ಚರ್ಮ ವಸ್ತು, ನಡುವಿನ ಗಾಳಿ ವಸ್ತು. ಶಬ್ದ ಅಂದರೆ ಇವೆಲ್ಲ ನಡುಗುವುದು. ಅದು ವಸ್ತುವಲ್ಲ, ವಸ್ತುಗಳಲ್ಲಿ ನಡೆಯುವ ಸಂಗತಿ. ಓಟ ಅನ್ನೋದು ಓಡುವವನಿಂದ ಬೇರೆಯಾಗಿ ಸಿಗುತ್ತದಾ? ಹಾಗೇ ಇದೂ.

ಬೆಂಕಿ? ಗ್ಯಾಸ್ ಒಲೆಯ ನೀಲಿ ಜ್ವಾಲೆಯಲ್ಲಿ ಇರುವುದು ಬಿಸಿ ಅನಿಲ. ಅದು ವಸ್ತು. ಉರಿಯುವುದು ಸಂಗತಿ. ಮನೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಒತ್ತಡದಲ್ಲಿ ದ್ರವವಾಗಿ ಇರುತ್ತದೆ. ಖಾಲಿ ಸಿಲಿಂಡರಿನ ತೂಕ ಎಷ್ಟು ಅಂತ ಅದರ ಮೇಲೆಯೇ ಬರೆದಿರುತ್ತದೆ, ಮಗುವಿಗೆ ತೋರಿಸಿ. ತುಂಬಿದ್ದಕ್ಕೂ ಖಾಲಿಗೂ ಇರುವ ವ್ಯತ್ಯಾಸವೇ ಒಲೆಯಲ್ಲಿ ಉರಿದು ಹೋದ ವಸ್ತು. ಎಲ್ಲಿಗೆ ಹೋಯಿತು? ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಯಿತು. ಒಂದು ಸಿಲಿಂಡರಿನಿಂದ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡೇ ಹೊರಗೆ ಹೋಗುತ್ತದೆ. ಹವಾಮಾನ ಬದಲಾವಣೆ ಅಂತ ಕೇಳುತ್ತೇವಲ್ಲ, ಅದರ ಲೆಕ್ಕವೂ ಇದೇ ಮೂರನೆಯ ಪ್ರಶ್ನೆಯಿಂದ ಶುರುವಾಗುತ್ತದೆ.

ಫೋನಿನೊಳಗಿನ ಅಜ್ಜಿ? ಫೋನು ವಸ್ತು, ಗಾಜು ವಸ್ತು, ಬ್ಯಾಟರಿ ವಸ್ತು. ಪರದೆಯ ಮೇಲಿನ ಅಜ್ಜಿ ಬೆಳಕಿನ ಚುಕ್ಕಿಗಳ ಜೋಡಣೆ. ಸಾವಿರ ಫೋಟೋ ತೆಗೆದು ತುಂಬಿಸಿದರೂ ಮನೆಯ ತಕ್ಕಡಿಯಲ್ಲಿ ಫೋನಿನ ತೂಕ ಬದಲಾಗುವುದಿಲ್ಲ. “ಅಜ್ಜಿ ಊರಲ್ಲಿದ್ದಾರೆ, ಇಲ್ಲಿ ಕಾಣೋದು ಅವರ ಚಿತ್ರ, ಕೇಳೋದು ಅವರ ಸ್ವರ” ಅಂದರೆ ಮಗುವಿಗೆ ಸಾಕು.

ಮಕ್ಕಳಿಗೆ ಮೊದಲೇ ಎಷ್ಟು ಗೊತ್ತಿರುತ್ತದೆ?

ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ರೆನೇ ಬಯ್ಯಾರ್ಜಾನ್ ಅನ್ನುವ ವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು ನಾಲ್ಕು ತಿಂಗಳ ಕೂಸುಗಳ ಎದುರು ಒಂದು ಹಲಗೆ, ಅದರ ಹಿಂದೆ ಒಂದು ಡಬ್ಬ ಇಟ್ಟರು. ಡಬ್ಬದೊಳಗಿಂದಲೇ ಹಾದು ಹೋದ ಹಾಗೆ ಹಲಗೆ ಪೂರ್ತಿ ಹಿಂದಕ್ಕೆ ಮಲಗಿದಾಗ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಮರೆಯಾದ ವಸ್ತು ಅಲ್ಲೇ ಇರುತ್ತದೆ, ಒಂದರೊಳಗೆ ಒಂದು ನುಗ್ಗುವುದಿಲ್ಲ ಅನ್ನೋ ಅಂದಾಜು ಅವಕ್ಕೆ ಇದೆ ಅಂತ ಅವರು ವಿವರಿಸಿದರು. ಬೇರೆ ವಿವರಣೆ ಕೊಡುವ ವಿಜ್ಞಾನಿಗಳೂ ಇದ್ದಾರೆ. ಅದೇನೇ ಇರಲಿ, ಗಟ್ಟಿ ವಸ್ತುವಿನ ಬಗ್ಗೆ ಮಕ್ಕಳಿಗೆ ನಾವು ಹೇಳಿಕೊಡಬೇಕಾದದ್ದು ಕಮ್ಮಿ. ಅವರು ಎಡವುವುದು ಗಾಳಿ, ಆವಿ, ಕರಗಿದ್ದು, ತೀರಾ ಸಣ್ಣದ್ದು, ಇಂಥವುಗಳ ಹತ್ತಿರ. ಅಂದರೆ ಕಣ್ಣಿಗೆ ಕಾಣದ ವಸ್ತುಗಳ ಹತ್ತಿರ.

ಪ್ರಾಣದ ವಿಷಯ

ಮೊದಲಿಗೆ ಹೇಳಿದ್ದು ಇದನ್ನೇ. ಬಾವಿಗೆ, ಸೆಪ್ಟಿಕ್ ಟ್ಯಾಂಕಿಗೆ, ಗೋಬರ್ ಗ್ಯಾಸ್ ಗುಂಡಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ನಾವು ಮತ್ತೆ ಮತ್ತೆ ಓದುತ್ತೇವೆ. ಎಷ್ಟೋ ಸಲ ಮೊದಲನೆಯವರನ್ನು ಎತ್ತಲು ಇಳಿದ ಎರಡನೆಯವರು, ಮೂರನೆಯವರೂ ಹೋಗುತ್ತಾರೆ. ಮೇಲಿನಿಂದ ಬಗ್ಗಿ ನೋಡಿದರೆ ಗುಂಡಿ ‘ಖಾಲಿ’. ಲೋಟ ಖಾಲಿ ಅಂತ ಮಗು ಹೇಳಿದ ಹಾಗೆಯೇ.

ಆದರೆ ಅದು ಖಾಲಿ ಇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಕೊಳೆತಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೂಡ ಗಾಳಿಗಿಂತ ಭಾರ, ಜೊತೆಗೆ ವಿಷ. ಗಾಳಿ ಆಡದ ಆಳದಲ್ಲಿ ಇವು ಜಾಗ ಹಿಡಿದು ಕೂತರೆ ಉಸಿರಾಡುವ ಗಾಳಿಗೆ ಜಾಗವೇ ಇರುವುದಿಲ್ಲ. ಜಾಗ ಹಿಡಿಯುತ್ತದೆ, ತೂಕ ಇದೆ. ನಮ್ಮ ಮೊದಲ ಎರಡು ಪ್ರಶ್ನೆಗಳು! ಸೋರಿದ ಅಡುಗೆ ಗ್ಯಾಸ್ ನೆಲಮಟ್ಟದಲ್ಲಿ ಹರಡುವುದೂ ಇದೇ ಕಾರಣಕ್ಕೆ, ಅದೂ ಗಾಳಿಗಿಂತ ಭಾರ.

ಹಾಗಾಗಿ ಯಾರಾದರೂ ಗುಂಡಿಯಲ್ಲೋ ಬಾವಿಯಲ್ಲೋ ಪ್ರಜ್ಞೆ ತಪ್ಪಿ ಬಿದ್ದರೆ ಹಿಂದೆಯೇ ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ಅಗ್ನಿಶಾಮಕದವರನ್ನು ಕರೆಸಿ. ಇದನ್ನು ಇವತ್ತು ಮನೆಯ ದೊಡ್ಡವರಿಗೂ ಹೇಳಿ.

ಪುಟ್ಟ ಮಕ್ಕಳಿಗೆ ಇಷ್ಟೆಲ್ಲ ಹೇಳಿ ಹೆದರಿಸಬೇಕಿಲ್ಲ. ಅವರಿಗೆ ಲೋಟ, ಕಾಗದ, ಬಾಲ್ದಿ ಸಾಕು. ‘ಕಾಣುವುದಿಲ್ಲ’ ಅನ್ನೋದು ಬೇರೆ, ‘ಇಲ್ಲ’ ಅನ್ನೋದು ಬೇರೆ ಅಂತ ಐದನೇ ವರ್ಷದಲ್ಲಿ ಆಟದಲ್ಲೇ ಗೊತ್ತಾದ ಮಗು, ಇಪ್ಪತ್ತೈದನೇ ವರ್ಷದಲ್ಲಿ ಬಾವಿಕಟ್ಟೆಯ ಹತ್ತಿರ ಒಂದು ಕ್ಷಣ ನಿಂತು ಯೋಚಿಸುತ್ತದೆ.

ಈ ವಾರದ ಕೆಲಸ: ಮನೆಯ ಪುಟ್ಟನನ್ನೋ ಪುಟ್ಟಿಯನ್ನೋ ಕೂರಿಸಿಕೊಂಡು ಹತ್ತು ಹೆಸರು ಹೇಳಿ. ಕಲ್ಲು, ಹೊಗೆ, ಕನಸು, ಉಪ್ಪು ನೀರು, ಪ್ರತಿಬಿಂಬ, ಮಲ್ಲಿಗೆಯ ಪರಿಮಳ, ಸೋಮವಾರ, ಧೂಳು, ಮಿಂಚು, ಹಸಿವು. ಮೂರು ಪ್ರಶ್ನೆ ಹಾಕಿ ಎರಡು ಗುಂಪು ಮಾಡಲಿ. ಪರಿಮಳದ ಹತ್ತಿರ ಬಂದಾಗ ಜಗಳ ಆಗುತ್ತದೆ, ಈಗಲೇ ಹೇಳಿಟ್ಟಿರ್ತೇನೆ. ಹೂವಿನಿಂದ ಮೂಗಿನವರೆಗೆ ಏನೋ ಬಂದಿರಲೇಬೇಕಲ್ಲ?